ಟ್ಯುನೀಷಿಯನ್ ಕ್ರೋಶಾದ ಹನಿಕೋಂಬ್ ಸ್ಟಿಚ್: ಮೊದಲ ಚೈನ್‌ನಿಂದ ಕೊನೆಯ ಗಂಟಿನವರೆಗೆ

ಟ್ಯುನೀಷಿಯನ್ ಕ್ರೋಶಾ ಎಂದರೆ ಉದ್ದನೆಯ ಕೊಕ್ಕೆ ಸೂಜಿಯಿಂದ, ಅಂದರೆ ಹುಕ್ಕಿನಿಂದ, ಉಲನ್ ಹೆಣೆಯುವ ಒಂದು ಬಗೆ. ಕಸೂತಿಯಲ್ಲಿ ಗವಂತಿ ಹೊಲಿಗೆ ಹಾಕಿದವರಿಗೆ ಇದರ ನಡೆ ಬೇಗ ಹಿಡಿಯುತ್ತದೆ. ಗವಂತಿಯಲ್ಲಿ ಸೂಜಿ ಒಂದು ಮನೆ ಹೊಲಿದು, ಒಂದು ಮನೆ ಬಿಟ್ಟು ಮುಂದೆ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರುತ್ತದೆ. ಹೋಗಿ ಬಂದ ಮೇಲೆಯೇ ಗೆರೆ ಪೂರ್ತಿ. ಟ್ಯುನೀಷಿಯನ್ ಕ್ರೋಶಾದಲ್ಲೂ ಒಂದು ಸಾಲು ಮುಗಿಯಬೇಕಾದರೆ ಒಮ್ಮೆ ಹೋಗಬೇಕು, ಒಮ್ಮೆ ಬರಬೇಕು. ಹೋಗುವಾಗ ಕುಣಿಕೆಗಳನ್ನೆಲ್ಲ ಹುಕ್ ಮೇಲೆ ಏರಿಸಿಕೊಳ್ಳುತ್ತೇವೆ, ಬರುವಾಗ ಒಂದೊಂದಾಗಿ ಇಳಿಸುತ್ತೇವೆ. ಕೈಯಲ್ಲಿರುವ ಬಟ್ಟೆಯನ್ನು ಮಾತ್ರ ಎಲ್ಲೂ ತಿರುಗಿಸುವುದಿಲ್ಲ. ಅದರ ಮುಖ ಯಾವಾಗಲೂ ನಮ್ಮ ಕಡೆಗೇ.

ಧಾರವಾಡ, ಹುಬ್ಬಳ್ಳಿ ಕಡೆಯ ಹೆಣ್ಣುಮಕ್ಕಳಲ್ಲಿ ಎಳೆ ಎಣಿಸಿ ಹೊಲಿಯುವ ರೂಢಿ ಹಳೆಯದು. ಕಸೂತಿಗೆ ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಬೇಕಿಲ್ಲ. ಎಳೆ ನೋಡಿದರೆ ಮುಂದಿನ ಸೂಜಿ ಎಲ್ಲಿ ಎಂದು ಗೊತ್ತಾಗುತ್ತದೆ. ಹನಿಕೋಂಬ್ ಸ್ಟಿಚ್ ಕಲಿಯಲು ಬೇಕಾದದ್ದು ಆ ಕಣ್ಣೇ. ಕೈಗೆ ಕಲಿಸುವುದು ಕಡಿಮೆ, ಕಣ್ಣಿಗೆ ಕಲಿಸುವುದು ಜಾಸ್ತಿ. ಅದಕ್ಕೇ ಉಬ್ಬು-ತಗ್ಗಿನ ಸ್ಟಿಚ್‌ಗಳ ಪೈಕಿ ಹೊಸಬರಿಗೆ ಮೊದಲು ಇದನ್ನೇ ಹೇಳಿಕೊಡಬೇಕು ಎಂದು ನಾನು ನಂಬಿದ್ದೇನೆ. ಇದರಲ್ಲಿ ಇರುವುದು ಎರಡೇ ಸ್ಟಿಚ್, ಒಂದು ಸಿಂಪಲ್, ಒಂದು ಪರ್ಲ್. ಅವೆರಡನ್ನು ಒಂದು ಬಿಟ್ಟು ಒಂದು ಹಾಕುತ್ತ ಹೋದರೆ, ಮುಂದಿನ ಸಾಲಿನಲ್ಲಿ ಅದಲು ಬದಲು ಮಾಡಿದರೆ, ಜೇನುಗೂಡಿನ ಮನೆಗಳ ಹಾಗೆ ಸಣ್ಣ ಸಣ್ಣ ಗುಳಿಗಳು ಏಳುತ್ತವೆ.

ಏನು ತರಬೇಕು

ಟ್ಯುನೀಷಿಯನ್ ಹುಕ್ ಉದ್ದವಾಗಿರುತ್ತದೆ, ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಗುಂಡಿ. ಸಾಲಿನ ಕುಣಿಕೆಗಳೆಲ್ಲ ಅದರ ಮೇಲೆ ಕೂತಿರಬೇಕು, ಹಿಂದಿನಿಂದ ಜಾರಬಾರದು. ಅದಕ್ಕೇ ಆ ಉದ್ದ, ಆ ಗುಂಡಿ. ಕೊಕ್ಕೆಯ ಹಿಂದೆ ಕೇಬಲ್ ಇರುವ ಹುಕ್ಕೂ ಬರುತ್ತದೆ, ಅದು ಶಾಲಿನಂಥ ಅಗಲದ ಕೆಲಸಕ್ಕೆ. ನಿಟ್‌ಪ್ರೋ, ಪೋನಿ ಎರಡೂ ನಮ್ಮ ದೇಶದ ಕಂಪನಿಗಳೇ. ಆನ್‌ಲೈನ್‌ನಲ್ಲಿ ತರಿಸುವವರು ಈ ಹೆಸರು ಹಾಕಿ ಹುಡುಕಬಹುದು.

ಆದರೆ ಮೊದಲ ತುಂಡಿಗೆ ಇದು ಯಾವುದೂ ಬೇಡ. ಹುಬ್ಬಳ್ಳಿಯ ದುರ್ಗದ ಬೈಲ್, ಬ್ರಾಡ್‌ವೇ ಕಡೆ ಹೋದಾಗ ಲೇಸು, ಗುಂಡಿ, ಉಲನ್ ಮಾರುವ ಅಂಗಡಿಯಲ್ಲಿ ವಿಚಾರಿಸಿ. ಧಾರವಾಡದವರು ಸುಭಾಸ ರೋಡಿನ ಸುತ್ತ, ಗದಗ, ಹಾವೇರಿಯವರು ತಮ್ಮ ಪೇಟೆಯಲ್ಲೇ ನೋಡಬಹುದು. ಟ್ಯುನೀಷಿಯನ್ ಎಂದರೆ ಅಂಗಡಿಯವರಿಗೆ ತಿಳಿಯದೇ ಹೋಗಬಹುದು. ‘ಅಣ್ಣಾರ, ದಪ್ಪಂದು ಕ್ರೋಶಾ ಸೂಜಿ ತೋರಸ್ರಿ, ನಡುವ ಹಿಡಿ ಇರಬಾರದ್ರಿ’ ಎಂದು ಕೇಳಿ. ರಬ್ಬರ್ ಹಿಡಿ ಇದ್ದರೆ ಕುಣಿಕೆಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಕೊಕ್ಕೆಯಿಂದ ಕೊನೆಯವರೆಗೆ ಒಂದೇ ದಪ್ಪ ಇರುವ ಬಿದಿರಿನ ಹುಕ್ ಸಿಕ್ಕರೆ ಬಹಳ ಒಳ್ಳೆಯದು. ಹಿಂದಿನ ತುದಿಗೆ ಒಂದು ರಬ್ಬರ್ ಬ್ಯಾಂಡ್ ನಾಲ್ಕಾರು ಸುತ್ತು ಬಿಗಿದರೆ ಗುಂಡಿಯ ಕೆಲಸ ಅದೇ ಮಾಡುತ್ತದೆ.

ಹುಕ್ಕಿನ ದಪ್ಪದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಉಲನ್ ಉಂಡೆಯ ಚೀಟಿ ಮೇಲೆ 4 ಮಿ.ಮೀ. ಎಂದು ಬರೆದಿದ್ದರೆ ನೀವು 5.5 ಅಥವಾ 6 ಮಿ.ಮೀ. ಹುಕ್ ತೆಗೆದುಕೊಳ್ಳಿ. ಟ್ಯುನೀಷಿಯನ್ ಹೆಣಿಕೆ ತನ್ನಷ್ಟಕ್ಕೇ ದಟ್ಟ. ಸಣ್ಣ ಹುಕ್ ಹಿಡಿದರೆ ಬಟ್ಟೆ ಹಲಗೆಯಾಗುತ್ತದೆ, ಅಂಚು ಸುರುಳಿ ಸುತ್ತುತ್ತದೆ, ಪರ್ಲ್ ಹಾಕಲು ಕೊಕ್ಕೆ ಒಳಗೇ ಹೋಗುವುದಿಲ್ಲ. ಹೊಸಬರು ‘ನನಗೆ ಬರಲ್ಲ’ ಎಂದು ಬಿಟ್ಟುಬಿಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ತಪ್ಪು ಅವರದ್ದಲ್ಲ, ಹುಕ್ಕಿನದ್ದು.

ಉಲನ್ ತಿಳಿ ಬಣ್ಣದ್ದಿರಲಿ. ಕೆನೆ ಬಣ್ಣ, ತಿಳಿ ಹಳದಿ, ಆಕಾಶ ನೀಲಿ ಯಾವುದಾದರೂ ಸರಿ. ಕಪ್ಪು, ಕಡು ನೀಲಿ, ಮೆರೂನ್ ಈಗ ಬೇಡ, ಎಳೆಯೇ ಕಾಣುವುದಿಲ್ಲ. ಮಿಂಚು ಎಳೆ, ತುಪ್ಪಳದ ಉಲನ್ ಕೂಡ ಬೇಡ. ವರ್ಧಮಾನ್, ಗಂಗಾ ಅಂಥ ಕಂಪನಿಗಳ ಮಾಮೂಲಿ ಅಕ್ರಿಲಿಕ್ ಉಲನ್ ಕಲಿಕೆಗೆ ಧಾರಾಳ ಸಾಕು. ಸಾದಾ ಕ್ರೋಶಾಕ್ಕಿಂತ ಇದು ಉಲನ್ ಜಾಸ್ತಿ ತಿನ್ನುತ್ತದೆ, ಅದು ನೆನಪಿರಲಿ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಖಂಡಿತ ಮಾಡಬೇಡಿ. ಅಕ್ರಿಲಿಕ್ ಶಾಖಕ್ಕೆ ಕರಗುತ್ತದೆ, ಕೈ ಸುಡುತ್ತದೆ. ಅದಕ್ಕೆ ಹತ್ತಿಯ ದಾರವೇ ಆಗಬೇಕು.

ಬುನಾದಿ

ಜಾರುಗಂಟು ಹಾಕಿ, 20 ಚೈನ್ ಹೆಣೆಯಿರಿ. ಹುಕ್ಕಿಗೆ ಉಲನ್ ಸುತ್ತಿ, ಹುಕ್ ಮೇಲಿನ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್. ನಿಮ್ಮ ಹುಕ್ ಗಿಡ್ಡವಿದ್ದರೆ 16 ಸಾಕು. ಯಾವುದೇ ಸರಿಸಂಖ್ಯೆ ನಡೆಯುತ್ತದೆ, ಇಲ್ಲಿ 20 ಎಂದುಕೊಂಡೇ ಹೇಳುತ್ತೇನೆ. ಚೈನ್ ಬಿಗಿ ಮಾಡಬೇಡಿ.

ಈಗ ಚೈನನ್ನು ಮಗುಚಿ ನೋಡಿ. ಮುಂದಿನ ಮುಖದಲ್ಲಿ ಜಡೆಯಂತೆ ಕಾಣುವುದು ಬೆನ್ನಿನ ಕಡೆ ಸಾಲಾಗಿ ಸಣ್ಣ ಉಬ್ಬುಗಳಾಗಿ ಕಾಣುತ್ತದೆ. ಹುಕ್ಕಿಗೆ ಅಂಟಿದ ಮೊದಲ ಚೈನ್ ಬಿಡಿ. ಎರಡನೆಯದರ ಉಬ್ಬಿನೊಳಗೆ ಕೊಕ್ಕೆ ತೂರಿಸಿ, ಉಲನ್ ಸುತ್ತಿ, ಒಂದು ಕುಣಿಕೆ ಎಳೆದುಕೊಳ್ಳಿ. ಅದನ್ನು ಹುಕ್ ಮೇಲೆ ಹಾಗೇ ಬಿಡಿ. ಮುಂದಿನ ಉಬ್ಬಿಗೂ ಹೀಗೇ. ಕೊನೆ ಮುಟ್ಟಿದಾಗ ಎಣಿಸಿ, ಹುಕ್ ಮೇಲೆ 20 ಕುಣಿಕೆ ಇರಬೇಕು. ಬೆನ್ನಿನ ಉಬ್ಬಿನಿಂದ ಎತ್ತಿದರೆ ಕೆಳಗಿನ ಅಂಚು ಅಚ್ಚುಕಟ್ಟಾಗಿ ಬರುತ್ತದೆ, ಸುರುಳಿಯೂ ಕಡಿಮೆ.

ಇದು ಹೋಗುವ ಸಾಲು. ಇನ್ನು ಬರುವ ಸಾಲು. ಉಲನ್ ಸುತ್ತಿ ಮೊದಲ ಸಲ ಒಂದೇ ಕುಣಿಕೆಯೊಳಗಿಂದ ಎಳೆಯಿರಿ. ಆಮೇಲೆ ಪ್ರತಿ ಸಲ ಉಲನ್ ಸುತ್ತಿ ಎರಡು ಕುಣಿಕೆಯೊಳಗಿಂದ ಎಳೆಯಿರಿ. ಹುಕ್ ಮೇಲೆ ಒಂದೇ ಕುಣಿಕೆ ಉಳಿಯುವವರೆಗೆ ಹೀಗೇ ಬನ್ನಿ. ಆ ಮೊದಲ ಒಂಟಿ ಎಳೆತ ಮರೆತು ನೇರವಾಗಿ ಎರಡರೊಳಗಿಂದ ಎಳೆದರೆ ಎಡಗಡೆ ಅಂಚು ಒಳಕ್ಕೆ ಜಗ್ಗುತ್ತದೆ, ಸಾಲು ಸಾಲಿಗೂ ಒಂದು ಸ್ಟಿಚ್ ಕಳೆಯುತ್ತದೆ. ಬರುವ ಸಾಲು ಇಡೀ ಕೆಲಸದಲ್ಲಿ ಯಾವತ್ತೂ ಬದಲಾಗುವುದಿಲ್ಲ. ಆಟವೆಲ್ಲ ಹೋಗುವ ಸಾಲಿನಲ್ಲಿ.

ಕಂಬಿ ನೋಡಲು ಕಲಿಯಿರಿ

ಇಲ್ಲಿ ಸ್ವಲ್ಪ ನಿಲ್ಲೋಣ. ಬಟ್ಟೆಯನ್ನು ಬೆಳಕಿಗೆ ಹಿಡಿದು ಎರಡೂ ಹೆಬ್ಬೆರಳಿನಿಂದ ಅಡ್ಡಡ್ಡ ಮೆಲ್ಲಗೆ ಹಿಗ್ಗಿಸಿ. ನೆಟ್ಟಗೆ ನಿಂತ ಎಳೆಗಳು ಸಾಲಾಗಿ ಕಾಣುತ್ತವೆ, ಕಿಟಕಿಯ ಸರಳುಗಳಂತೆ. ಇವನ್ನು ಕಂಬಿ ಎನ್ನೋಣ. ಒಂದು ಕಂಬಿ ಎಂದರೆ ಒಂದು ಸ್ಟಿಚ್. ಕಂಬಿಗಳ ನಡುವೆ ಅಡ್ಡ ಎಳೆಗಳೂ ಇವೆ, ಅವು ಬರುವ ಸಾಲಿನಲ್ಲಿ ಆದವು. ಅವಕ್ಕೆ ಕೊಕ್ಕೆ ತಾಗಿಸಬಾರದು. ನಡುವಿನ ಅಡ್ಡ ಎಳೆಯಿಂದ ಕುಣಿಕೆ ಎತ್ತಿದರೆ ಒಂದು ಸ್ಟಿಚ್ ಹೆಚ್ಚಾಯಿತು ಎಂದೇ ಲೆಕ್ಕ.

ಬಲತುದಿಯ ಮೊದಲ ಕಂಬಿ ನಿಮ್ಮ ಹುಕ್ ಮೇಲಿರುವ ಕುಣಿಕೆಯ ಬುಡದಲ್ಲೇ ಇದೆ. ಆ ಕುಣಿಕೆಯೇ ಹೊಸ ಸಾಲಿನ ಮೊದಲ ಸ್ಟಿಚ್. ಹಾಗಾಗಿ ಆ ಕಂಬಿಯನ್ನು ಯಾವಾಗಲೂ ಬಿಟ್ಟು, ಎರಡನೇ ಕಂಬಿಯಿಂದ ಶುರು ಮಾಡಬೇಕು.

ಸಿಂಪಲ್ ಸ್ಟಿಚ್ ಹೀಗೆ: ಉಲನ್ ಬಟ್ಟೆಯ ಹಿಂದೆ ಇರಲಿ. ಕೊಕ್ಕೆಯನ್ನು ಬಲದಿಂದ ಎಡಕ್ಕೆ ಕಂಬಿಯ ಅಡಿಯಲ್ಲಿ ತೂರಿಸಿ. ಬಟ್ಟೆಯ ಬೆನ್ನಿಗೆ ಚುಚ್ಚಿಕೊಂಡು ಹೋಗಬಾರದು, ಬಟ್ಟೆಯ ಮುಖದ ಮೇಲಿರುವ ಆ ಕಂಬಿಯ ಹಿಂದೆ ಅಷ್ಟೇ. ಉಲನ್ ಸುತ್ತಿ ಕುಣಿಕೆ ಎಳೆದು ಹುಕ್ ಮೇಲೆ ಬಿಡಿ. ಇಷ್ಟೇ.

ಎಡತುದಿಯ ಕೊನೆಯ ಸ್ಟಿಚ್ ಮಾತ್ರ ಬೇರೆ. ಅಂಚನ್ನು ಎಡಗೈ ತೋರುಬೆರಳಿನಿಂದ ಸ್ವಲ್ಪ ನಿಮ್ಮ ಕಡೆ ಹೊರಳಿಸಿ. ಕೊನೆಯ ಕಂಬಿಯ ಜೊತೆಗೆ, ಅದರ ಪಕ್ಕಕ್ಕೇ ಅಂಟಿಕೊಂಡು ಇನ್ನೊಂದು ಎಳೆ ಕಾಣುತ್ತದೆ. ಕೊಕ್ಕೆ ಆ ಎರಡರ ಅಡಿಯಲ್ಲೂ ಹೋಗಬೇಕು. ಒಂದನ್ನೇ ಹಿಡಿದರೆ ಎಡ ಅಂಚು ಸಡಿಲ ಸಡಿಲಾಗಿ ತೂತು ಬೀಳುತ್ತದೆ. ಎರಡನ್ನೂ ಹಿಡಿದರೆ ಅಂಚು ಚೈನ್ ಹಾಗೆ ನೆಟ್ಟಗೆ ನಿಲ್ಲುತ್ತದೆ. ಈ ಕೊನೆಯ ಸ್ಟಿಚ್ ಹನಿಕೋಂಬ್‌ನಲ್ಲೂ ಹೀಗೇ ಇರುತ್ತದೆ, ಅದಲು ಬದಲಿನ ಲೆಕ್ಕಕ್ಕೆ ಬರುವುದಿಲ್ಲ.

ಬರೀ ಸಿಂಪಲ್ ಸ್ಟಿಚ್‌ನಲ್ಲಿ ಎರಡು ಮೂರು ಸಾಲು ಹೋಗಿ ಬನ್ನಿ. ತುಂಡು ಕೆಳಗಿನಿಂದ ಮುದುರಿಕೊಳ್ಳಲು ಶುರುವಾಗುತ್ತದೆ. ಹೆದರಬೇಡಿ. ಸಿಂಪಲ್ ಸ್ಟಿಚ್‌ನ ಮುಂಭಾಗದಲ್ಲಿ ಒಂಟಿ ಕಂಬಿ, ಉಳಿದ ಎಳೆಗಳ ದಪ್ಪವೆಲ್ಲ ಹಿಂಭಾಗಕ್ಕೆ. ಎರಡು ಮುಖಕ್ಕೂ ಜಗ್ಗಾಟ ಸಮ ಇಲ್ಲದ್ದಕ್ಕೆ ಬಟ್ಟೆ ಬಾಗುತ್ತದೆ. ಪರ್ಲ್ ಹಾಕಿದಾಗ ಒಂದಷ್ಟು ಎಳೆ ಮುಂದಕ್ಕೂ ಬರುತ್ತದೆ. ಹನಿಕೋಂಬ್ ತುಂಡು ಮೇಜಿನ ಮೇಲೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗುವುದು ಇದಕ್ಕೇ.

ಪರ್ಲ್: ನಿಧಾನವೇ ದಾರಿ

ಕಷ್ಟ ಎನ್ನುವುದು ಇಲ್ಲೊಂದೇ ಇದೆ. ಕೂತು ನಿಧಾನಕ್ಕೆ ಮಾಡಿ.

ಉಂಡೆಯಿಂದ ಬರುವ ಉಲನ್ ಬಟ್ಟೆಯ ಹಿಂದೆ ಇದೆ ಅಲ್ವಾ? ಅದನ್ನು ಹುಕ್ಕಿನ ಅಡಿಯಿಂದ ಮುಂದಕ್ಕೆ, ನಿಮ್ಮ ಕಡೆಗೆ ತನ್ನಿ. ಎಡಗೈ ಹೆಬ್ಬೆರಳಿನಿಂದ ಬಟ್ಟೆಯ ಮುಖಕ್ಕೆ ಒತ್ತಿ ಹಿಡಿಯಿರಿ. ಈಗ ಕೊಕ್ಕೆಯನ್ನು ಸಿಂಪಲ್ ಸ್ಟಿಚ್‌ಗೆ ಹಾಕಿದಂತೆಯೇ ಕಂಬಿಯ ಅಡಿ ಬಲದಿಂದ ಎಡಕ್ಕೆ ತೂರಿಸಿ. ಒತ್ತಿ ಹಿಡಿದ ಉಲನ್ ಕೊಕ್ಕೆ ಹೋದ ಜಾಗಕ್ಕಿಂತ ಕೆಳಗೆ ಇರಬೇಕು. ಕೊಕ್ಕೆ ಒಳಗೆ ಹೋದ ಮೇಲೆ ಆ ಉಲನ್ನನ್ನು ಕಂಬಿಯ ಮುಂದಿನಿಂದ ದಾಟಿಸಿ, ಹುಕ್ಕಿನ ಅಡಿಯಿಂದ ಹಿಂದಕ್ಕೆ ಒಯ್ಯಿರಿ. ಹಿಂದಿನಿಂದ ಹುಕ್ ಮೇಲೆ ಸುತ್ತಿ ಕುಣಿಕೆ ಎಳೆಯಿರಿ.

ಎಳೆದ ಮೇಲೆ ನೋಡಿ. ಕಂಬಿಯ ಬುಡದಲ್ಲಿ ಒಂದು ಸಣ್ಣ ಅಡ್ಡ ಉಬ್ಬು ಬಂದಿರುತ್ತದೆ, ದಾಟಿ ಹೋದ ಉಲನ್ ಬಿಟ್ಟ ಗುರುತು. ಉಬ್ಬು ಕಂಡರೆ ಪರ್ಲ್ ಸರಿ. ಕಾಣದಿದ್ದರೆ ಉಲನ್ ಹೆಬ್ಬೆರಳಿನಿಂದ ಜಾರಿ ಹಿಂದಕ್ಕೆ ಹೋಗಿದೆ, ನೀವು ಹಾಕಿದ್ದು ಸಿಂಪಲ್ ಸ್ಟಿಚ್. ಆ ಒಂದು ಕುಣಿಕೆಯನ್ನು ಹುಕ್ಕಿನಿಂದ ಇಳಿಸಿ ಮತ್ತೆ ಹಾಕಿ. ಹೋಗುವ ಸಾಲಿನಲ್ಲಿ ಬಿಚ್ಚುವುದು ಬಹಳ ಸುಲಭ, ಕುಣಿಕೆ ಜಾರಿಸಿ ಉಲನ್ ಎಳೆದರೆ ಮುಗಿಯಿತು.

ಪರ್ಲ್ ಆದ ತಕ್ಷಣ ಉಲನ್ ಹಿಂದೆಯೇ ಇದೆಯಾ ಎಂದು ನೋಡಿಕೊಳ್ಳಿ. ಮುಂದೆ ಉಳಿದಿದ್ದಾಗಲೇ ಮುಂದಿನ ಸಿಂಪಲ್ ಹಾಕಿದರೆ ಬಟ್ಟೆಯ ಮುಖದಲ್ಲಿ ಒಂದು ಅಡ್ಡ ಎಳೆ ಸುಮ್ನೆ ತೇಲಿಕೊಂಡು ಇರುತ್ತದೆ. ಹೊಸಬರ ತುಂಡುಗಳಲ್ಲಿ ಕಾಣುವ ದೋಷಗಳಲ್ಲಿ ಇದೇ ಮುಖ್ಯ.

ಪರ್ಲ್ ಕುಣಿಕೆ ಬಿಗಿಯಾಗಿ ಕೂರುವ ಸ್ವಭಾವದ್ದು. ಎಳೆದಾಗ ಪಕ್ಕದ ಸಿಂಪಲ್ ಕುಣಿಕೆಯಷ್ಟೇ ಎತ್ತರಕ್ಕೆ ಎಳೆಯಿರಿ. ಹುಬ್ಬಳ್ಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಬೆವರು ಕೈಗೆ ಅಕ್ರಿಲಿಕ್ ಅಂಟುತ್ತದೆ, ಗೊತ್ತಿಲ್ಲದೇ ಕೈ ಬಿಗಿಯಾಗುತ್ತದೆ. ಆ ದಿನಗಳಲ್ಲಿ ಬೆಳಗಿನ ಹೊತ್ತು ಕೂರುವುದು ಒಳ್ಳೆಯದು.

ಒಂದು ಇಡೀ ಸಾಲು ಬರೀ ಪರ್ಲ್ ಹಾಕಿ ಬನ್ನಿ. ಕೈಗೆ ಹಿಡಿಸುವವರೆಗೆ ಇನ್ನೂ ಒಂದೆರಡು ಸಾಲು ಹಾಕಿದರೂ ಸರಿ. ಇಲ್ಲಿ ಅವಸರ ಮಾಡಿದರೆ ಹನಿಕೋಂಬ್‌ನಲ್ಲಿ ಪರದಾಡಬೇಕಾಗುತ್ತದೆ.

ಹನಿಕೋಂಬ್

ಅಭ್ಯಾಸದ ತುಂಡು ಬಿಚ್ಚಿ, ಹೊಸದಾಗಿ 20 ಚೈನ್ ಹಾಕಿ ಬುನಾದಿ ಸಾಲು ಹೋಗಿ ಬನ್ನಿ.

ಮೊದಲ ಸಾಲು: ಒಂದನೇ ಕಂಬಿ ಬಿಡಿ. ಎರಡನೆಯದಕ್ಕೆ ಪರ್ಲ್, ಮೂರನೆಯದಕ್ಕೆ ಸಿಂಪಲ್. ಮತ್ತೆ ಪರ್ಲ್, ಮತ್ತೆ ಸಿಂಪಲ್. ಹತ್ತೊಂಬತ್ತನೇ ಕಂಬಿಗೆ ಸಿಂಪಲ್ ಬಂದು ನಿಲ್ಲುತ್ತದೆ. ಇಪ್ಪತ್ತನೆಯದು ಅಂಚಿನ ಸ್ಟಿಚ್, ಎರಡೂ ಎಳೆ ಹಿಡಿದು ಹಾಕಿ. ಎಣಿಸಿ, 20. ಬರುವ ಸಾಲು ಎಂದಿನಂತೆ.

ಎರಡನೇ ಸಾಲು: ಒಂದನೇ ಕಂಬಿ ಬಿಡಿ. ಈ ಸಲ ಎರಡನೆಯದಕ್ಕೆ ಸಿಂಪಲ್, ಮೂರನೆಯದಕ್ಕೆ ಪರ್ಲ್. ಹತ್ತೊಂಬತ್ತನೆಯದು ಪರ್ಲ್ ಆಗುತ್ತದೆ. ಅಂಚು, ಎಣಿಕೆ, ಬರುವ ಸಾಲು.

ಮುಂದೆ ಈ ಎರಡೇ ಸಾಲು, ಒಂದರ ಮೇಲೊಂದು. ಮೂರು ನಾಲ್ಕು ಸಾಲು ಏರುವವರೆಗೆ ಅಂದ ಕಾಣುವುದಿಲ್ಲ, ಬರೀ ಗೊಂದಲದ ಹಾಗೆ ಇರುತ್ತದೆ. ಐದಾರು ಸಾಲಿಗೆ ಗುಳಿಗಳು ಎದ್ದು ಬರುತ್ತವೆ. ಅಲ್ಲಿಯವರೆಗೆ ಬಿಚ್ಚಬೇಡಿ.

ಈಗ ನಾನು ಮುಖ್ಯ ಎಂದುಕೊಂಡಿರುವ ಮಾತಿಗೆ ಬರುತ್ತೇನೆ. ‘ಈ ಸಾಲು ಪರ್ಲ್‌ನಿಂದ ಶುರುವೋ ಸಿಂಪಲ್‌ನಿಂದಲೋ’ ಎಂದು ನೆನಪಿಟ್ಟುಕೊಂಡು ಕೂತರೆ ಆಗುವುದಿಲ್ಲ. ನಡುವೆ ಕುಕ್ಕರ್ ಕೂಗುತ್ತದೆ, ಬಾಗಿಲು ಬಡಿಯುತ್ತಾರೆ, ಲೆಕ್ಕ ತಪ್ಪುತ್ತದೆ. ಬಟ್ಟೆಯನ್ನೇ ನೋಡಿ. ಕಂಬಿಯ ಬುಡದಲ್ಲಿ ಅಡ್ಡ ಉಬ್ಬು ಇದೆಯಾ? ಅದು ಕೆಳಗಿನ ಸಾಲಿನ ಪರ್ಲ್, ಅದರ ಮೇಲೆ ಸಿಂಪಲ್ ಹಾಕಿ. ಕಂಬಿ ಬುಡದವರೆಗೆ ನುಣ್ಣಗಿದೆಯಾ? ಅದು ಸಿಂಪಲ್, ಅದರ ಮೇಲೆ ಪರ್ಲ್ ಹಾಕಿ. ಉಬ್ಬಿಗೆ ಸಿಂಪಲ್, ನುಣುಪಿಗೆ ಪರ್ಲ್. ಇದು ಕಣ್ಣಿಗೆ ಬಂತೆಂದರೆ ಯಾವ ಸಾಲಿನ ಯಾವ ಜಾಗದಲ್ಲಿ ಎದ್ದು ಹೋದರೂ ಮತ್ತೆ ಬಂದು ಅಲ್ಲಿಂದಲೇ ಹಿಡಿಯಬಹುದು. ಯಾವ ಚೀಟಿಯೂ ಬೇಡ, ಸಾಲು ಎಣಿಸುವ ಯಂತ್ರವೂ ಬೇಡ. ಉಬ್ಬು ಕಣ್ಣಿಗೆ ಕಾಣದಿದ್ದರೆ ತೋರುಬೆರಳಿನ ಉಗುರಿನಿಂದ ಕಂಬಿಯ ಬುಡ ಸವರಿ ನೋಡಿ, ತಡೆಯುವುದು ಗೊತ್ತಾಗುತ್ತದೆ.

ಒಂದು ಸಾಲಿನಲ್ಲಿ ಎಲ್ಲೋ ಪರ್ಲ್ ಮೇಲೆ ಪರ್ಲ್ ಬಿದ್ದರೆ ಅಲ್ಲಿಂದ ಆಚೆ ಎಲ್ಲವೂ ತಪ್ಪುತ್ತದೆ ಎಂದೇನಿಲ್ಲ. ಪ್ರತಿ ಕಂಬಿಯನ್ನು ಓದುತ್ತ ಹೋದರೆ ತಪ್ಪು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಬಾಯಲ್ಲಿ ಎಣಿಸುತ್ತ ಹೋದರೆ ಮಾತ್ರ ಇಡೀ ಸಾಲು ಕೆಡುತ್ತದೆ.

ಎಣಿಕೆ 20 ಬಾರದಿದ್ದರೆ

19 ಬಂದರೆ ಮೊದಲು ಎಡತುದಿ ನೋಡಿ, ಅಂಚಿನ ಸ್ಟಿಚ್ ಮರೆತಿರುತ್ತೀರಿ. ಅಲ್ಲಿ ಸರಿಯಿದ್ದರೆ ಬಲತುದಿಯಲ್ಲಿ ಎರಡನೇ ಕಂಬಿಯನ್ನು ಮೊದಲನೆಯದೆಂದು ತಿಳಿದು ಬಿಟ್ಟಿರಬಹುದು. 21 ಬಂದರೆ ನಡುವೆ ಎಲ್ಲೋ ಅಡ್ಡ ಎಳೆಯಿಂದ ಕುಣಿಕೆ ಎತ್ತಿದ್ದೀರಿ, ಇಲ್ಲವೇ ಬಿಡಬೇಕಾದ ಮೊದಲ ಕಂಬಿಗೂ ಹಾಕಿದ್ದೀರಿ. ಯಾವುದಾದರೂ ಸರಿ, ಹೋಗುವ ಸಾಲು ಮುಗಿದಾಗಲೇ ಎಣಿಸಿದರೆ ಬಿಚ್ಚುವುದು ಒಂದೇ ಸಾಲು. ಕುಣಿಕೆಗಳೆಲ್ಲ ಹುಕ್ ಮೇಲೆ ಸಾಲಾಗಿ ಕೂತಿರುವಾಗ ಎಣಿಸುವುದು ಸುಲಭವೂ ಹೌದು.

ಮುಗಿಸುವುದು

ಎತ್ತರ ಸಾಕಾಯಿತಾ ಎಂದು ನೋಡಲು ಸ್ಕೇಲ್ ಬೇಕಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಮಡಿಚಿ. ಅಂಚಿಗೆ ಅಂಚು ಕೂಡಿದರೆ ಚೌಕ ಆಯಿತು. ಬರುವ ಸಾಲು ಮುಗಿಸಿ, ಹುಕ್ ಮೇಲೆ ಒಂದೇ ಕುಣಿಕೆ ಇರುವಾಗ ಮುಚ್ಚಲು ಶುರು ಮಾಡಿ.

ಮುಚ್ಚುವಾಗಲೂ ಉಬ್ಬು-ನುಣುಪಿನ ಲೆಕ್ಕ ಬಿಡಬೇಡಿ. ಎರಡನೇ ಕಂಬಿಗೆ ಅದರ ಸರದಿಯ ಸ್ಟಿಚ್ ಹಾಕುವಂತೆ ಕೊಕ್ಕೆ ತೂರಿಸಿ, ಉಲನ್ ಸುತ್ತಿ, ಕಂಬಿಯೊಳಗಿಂದಲೂ ಹುಕ್ ಮೇಲಿನ ಕುಣಿಕೆಯೊಳಗಿಂದಲೂ ಒಟ್ಟಿಗೆ ಎಳೆದುಬಿಡಿ. ಹುಕ್ ಮೇಲೆ ಒಂದೇ ಕುಣಿಕೆ ಉಳಿಯುತ್ತದೆ. ಹೀಗೇ ಕೊನೆಯವರೆಗೆ. ಬರೀ ಸಿಂಪಲ್‌ನಲ್ಲಿ ಮುಚ್ಚಿದರೂ ನಡೆಯುತ್ತದೆ, ಆದರೆ ಮೇಲಿನ ಅಂಚು ಬೇರೆಯವರು ಹೆಣೆದ ಹಾಗೆ ಕಾಣುತ್ತದೆ. ಕೈ ಸಡಿಲ ಇರಲಿ, ಇಲ್ಲವಾದರೆ ಮೇಲಿನ ಅಂಚು ಕೆಳಗಿನದಕ್ಕಿಂತ ಕುಗ್ಗುತ್ತದೆ. ಉಲನ್ ಗೇಣುದ್ದ ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಎಳೆದು ಬಿಗಿಯಿರಿ. ಉಳಿದ ಎಳೆಯನ್ನು ದೊಡ್ಡ ಕಣ್ಣಿನ ಸೂಜಿಯಿಂದ ಬೆನ್ನಿನ ಕಡೆ ಒಮ್ಮೆ ಹೋಗಿ, ಒಮ್ಮೆ ತಿರುಗಿ ಬಂದು ಹುದುಗಿಸಿ.

ಹತ್ತಿಯ ತುಂಡಾದರೆ ಒದ್ದೆ ಮಾಡಿ, ಟವೆಲ್‌ನಲ್ಲಿ ಸುತ್ತಿ ಹಿಂಡಿ, ಚಾಪೆಯ ಮೇಲೆ ನಾಲ್ಕು ಮೂಲೆ ಎಳೆದು ಗುಂಡುಪಿನ್ ಚುಚ್ಚಿ ಒಣಗಲು ಬಿಡಿ. ಧಾರವಾಡದ ಮಳೆಗಾಲದಲ್ಲಿ ಇದು ಬೇಗ ಒಣಗುವುದಿಲ್ಲ, ಫ್ಯಾನ್ ಕೆಳಗೆ ಇಡಿ. ಅಕ್ರಿಲಿಕ್ ತುಂಡಿಗೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಲೇಬಾರದು. ಮುಟ್ಟಿಸಿದರೆ ಇಷ್ಟು ಕಷ್ಟಪಟ್ಟು ಎಬ್ಬಿಸಿದ ಗುಳಿಗಳು ಚಪ್ಪಟೆಯಾಗಿ ಹೋಗುತ್ತವೆ, ಮತ್ತೆ ಏಳುವುದಿಲ್ಲ. ಒದ್ದೆ ಮಾಡಿ ಪಿನ್ ಹಾಕಿದರೆ ಸಾಕು.

ಮುಂದೇನು ಹೆಣೆಯಬಹುದು

ಮೊದಲ ಚೌಕ ಚಹಾದ ಕಪ್ಪಿನ ಕೆಳಗೆ ಇಡಲು ಆಯಿತು. ಆಮೇಲೆ ನನಗೆ ಇಷ್ಟವಾದ ಕೆಲಸ ಎಲೆ-ಅಡಿಕೆ ಸಂಚಿ. ಉದ್ದದ ಒಂದು ಪಟ್ಟಿ ಹೆಣೆದು ಮಡಿಚಿ ಎರಡು ಬದಿ ಹೊಲಿದರೆ ಮುಗಿಯಿತು. ಹನಿಕೋಂಬ್ ದಟ್ಟವಾಗಿರುವುದರಿಂದ ಒಳಗಿನ ಚಿಲ್ಲರೆ, ಯಾಲಕ್ಕಿ ಏನೂ ಸುಲಭಕ್ಕೆ ಹೊರಗೆ ಬರುವುದಿಲ್ಲ. ಇಂದಿನ ಮಕ್ಕಳು ಅದರಲ್ಲೇ ಮೊಬೈಲ್ ಇಡುತ್ತಾರೆ, ಅದಕ್ಕೆ ತಕ್ಕ ಅಗಲ ನೋಡಿ ಚೈನ್ ಹಾಕಿದರಾಯಿತು. ಮಫ್ಲರ್ ಬೇಕಾದವರು ಇದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ದಪ್ಪದ ಹುಕ್ ಹಿಡಿಯಿರಿ, ಕುತ್ತಿಗೆಗೆ ಮೆತ್ತಗೆ ಬರುತ್ತದೆ. ಕೂಸಿನ ಕುಲಾವಿ ಇದೇ ಸ್ಟಿಚ್‌ನಲ್ಲಿ ಚಂದ ಕಾಣುತ್ತದೆ, ಆದರೆ ಅದಕ್ಕೆ ಸ್ಟಿಚ್ ಕಡಿಮೆ ಮಾಡುವುದನ್ನು ಬೇರೆ ಕಲಿಯಬೇಕು.

ಯೂಟ್ಯೂಬ್‌ನಲ್ಲಿ ಹುಡುಕುವಾಗ ಇದೇ ಕೆಲಸಕ್ಕೆ ಅಫ್ಘಾನ್ ಕ್ರೋಶಾ ಎಂಬ ಹೆಸರೂ ಇದೆ ಎಂದು ತಿಳಿದಿರಲಿ. ಮಾದರಿಗಳಲ್ಲಿ ಟಿಎಸ್‌ಎಸ್ ಎಂದು ಬರೆದಿದ್ದರೆ ಸಿಂಪಲ್, ಟಿಪಿಎಸ್ ಎಂದರೆ ಪರ್ಲ್. ಎಡಗೈಯವರು ವಿಡಿಯೋವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆ. ಅವರಿಗೆ ಹೋಗುವ ಸಾಲು ಎಡದಿಂದ ಬಲಕ್ಕೆ.

ಎರಡು ಬಣ್ಣ ಹಾಕುವ ಆಸೆ ಇದ್ದರೆ ಹೋಗುವ ಸಾಲು ಒಂದು ಬಣ್ಣ, ಬರುವ ಸಾಲು ಇನ್ನೊಂದು ಬಣ್ಣದಲ್ಲಿ ಹೆಣೆದು ನೋಡಿ. ಎಡತುದಿಗೆ ಬಂದಾಗ ಮೊದಲ ಉಲನ್ ಬಿಟ್ಟು, ಎರಡನೆಯದರಿಂದ ಆ ಒಂಟಿ ಎಳೆತ ಎಳೆದು ಇಳಿಸುತ್ತ ಬನ್ನಿ. ಬಲತುದಿಯಲ್ಲಿ ಕೊನೆಯ ಎರಡು ಕುಣಿಕೆ ಉಳಿದಾಗ ಹೊಸ ಸಾಲಿನ ಬಣ್ಣ ಹಿಡಿದು ಅವೆರಡರೊಳಗಿಂದ ಎಳೆಯಿರಿ. ಆದರೆ ಮೊದಲ ಬಣ್ಣದ ಉಂಡೆ ಎಡತುದಿಯಲ್ಲೇ ಉಳಿದಿರುತ್ತದೆ. ಹಾಗಾಗಿ ಮೂರು ಉಂಡೆ ಇಟ್ಟುಕೊಂಡು ಮೂರು ಬಣ್ಣವನ್ನು ಸರದಿಯಲ್ಲಿ ಬಳಸಿ. ಆಗ ಪ್ರತಿ ತುದಿಯಲ್ಲೂ ಬೇಕಾದ ಉಲನ್ ಕಾದಿರುತ್ತದೆ, ಕತ್ತರಿಸುವ ಕೆಲಸವೇ ಇರುವುದಿಲ್ಲ. ಕೆಂಪು, ಹಸಿರು, ಕೆನೆ ಬಣ್ಣ ಜೊತೆ ಸೇರಿದರೆ ಸಾಲು ಸಾಲಿಗೂ ಬಣ್ಣ ಬದಲಾಗುತ್ತ ಬೆರೆತು ಕಾಣುತ್ತದೆ.